ವೇಷ ಹಾಕಿದ ಮೇಲೆ ಪಾತ್ರ ಬರುತ್ತಾ, ಪಾತ್ರ ಬಂದ ಮೇಲೆ ವೇಷನಾ?

ಓದುಗರ ಪ್ರಶ್ನೆ: ಮಳವಳ್ಳಿ ಹತ್ತಿರದ ಊರು ನಮ್ಮದು. ಹಬ್ಬಕ್ಕೆ ಕುರುಕ್ಷೇತ್ರ ನಾಟಕ ಆಡ್ತಾ ಇದೀವಿ. ನನ್ನದು ಕರ್ಣನ ಪಾರ್ಟು. ಹಾಡು, ಮಾತು ಎಲ್ಲ ಬಾಯಿಗೆ ಬಂದಿದೆ. ಆದ್ರೆ ಪಾತ್ರ ಮೈಗೆ ಬಂದಿಲ್ಲ ಅಂತ ಮೇಷ್ಟ್ರು ಬೈತಾರೆ. ಜೊತೆಯವರು, ‘ಬಣ್ಣ ಹಚ್ಚಿ ಕಿರೀಟ ಇಟ್ರೆ ತಾನಾಗೇ ಬರುತ್ತೆ ಬಿಡೋ’ ಅಂತಾರೆ. ನಿಜಾನಾ?

ಉತ್ತರ: ಅರ್ಧ ನಿಜ. ವೇಷದಿಂದ ಪಾತ್ರ ಬರುತ್ತದೆ. ಆದರೆ ನಾಟಕದ ರಾತ್ರಿಯೇ ಮೊದಲ ಸಲ ಕಿರೀಟ ಇಟ್ಟರೆ ಬರುವುದು ಕರ್ಣ ಅಲ್ಲ, ಕತ್ತುನೋವು.

ಮಂಡ್ಯ ಸೀಮೆಯಲ್ಲಿ ನಡೆಯುವುದು ಹೀಗೇ ಅಲ್ವಾ? ತಿಂಗಳುಗಟ್ಟಲೆ ಹಾರ್ಮೋನಿಯಂ ಮುಂದೆ ಪ್ರಾಕ್ಟೀಸು. ಆಗ ಮೈಮೇಲೆ ಟೀ ಶರ್ಟು, ಕಾಲಲ್ಲಿ ಹವಾಯಿ ಚಪ್ಪಲಿ. ಪರದೆ, ವೇಷ ಬಾಡಿಗೆಗೆ ಕೊಡುವ ಸೀನರಿಯವರ ಗಾಡಿ ಬರುವುದು ನಾಟಕದ ದಿನ. ಸಂಜೆ ಟ್ರಂಕು ತೆಗೆದು, ಯಾರದೋ ಅಳತೆಗೆ ಹೊಲಿದ ಬಟ್ಟೆಯನ್ನು ಪಿನ್ನು ಹಾಕಿ ನಮ್ಮ ಮೈಗೆ ಕೂರಿಸುತ್ತಾರೆ. ರಂಗದ ಮೇಲೆ ಹೋದಾಗ ದುರ್ಯೋಧನನ ಗಮನ ಭೀಮನ ಮೇಲಿರುವುದಿಲ್ಲ, ಜಾರುತ್ತಿರುವ ಕಿರೀಟದ ಮೇಲಿರುತ್ತದೆ. ಒಂದು ಕೈ ಗದೆಗೆ, ಇನ್ನೊಂದು ಕೈ ತಲೆಗೆ.

ವೇಷಕ್ಕೆ ಎರಡು ಕೆಲಸ. ಒಂದು, ಯಾರು ಬಂದರು ಅಂತ ನೋಡುವವರಿಗೆ ಹೇಳುವುದು. ಕೆಲವು ಊರುಗಳಲ್ಲಿ ಕೃಷ್ಣನ ಪಾರ್ಟು ಬೇಕು ಅನ್ನುವವರು ಜಾಸ್ತಿ ಇದ್ದರೆ ಇಬ್ಬರು ಹಂಚಿಕೊಂಡು ಮಾಡುತ್ತಾರೆ. ಮೊದಲ ಕೃಷ್ಣ ಕುಳ್ಳ, ಎರಡನೆಯವರು ಎತ್ತರ. ಆದರೂ ಜನಕ್ಕೆ ಗೊಂದಲವಿಲ್ಲ. ನೀಲಿ ಬಣ್ಣ, ನವಿಲುಗರಿ ಕಂಡರೆ ಮುಗಿಯಿತು. ಈ ಕೆಲಸವನ್ನು ಸೀನರಿಯವರು ಚೆನ್ನಾಗಿಯೇ ಮಾಡಿಕೊಡುತ್ತಾರೆ.

ಎರಡನೆಯ ಕೆಲಸ ನಟನ ಮೈಮೇಲೆ ನಡೆಯುವಂಥದ್ದು. ಭುಜಕೀರ್ತಿ ಕಟ್ಟಿದರೆ ಭುಜ ಹಿಂದಕ್ಕೆ ಹೋಗುತ್ತದೆ. ಕಿರೀಟ ಇಟ್ಟರೆ ಗಕ್ಕನೆ ತಿರುಗಿ ನೋಡಲು ಆಗುವುದಿಲ್ಲ. ಮೊದಲು ಕಣ್ಣು, ಆಮೇಲೆ ಕತ್ತು, ಕೊನೆಗೆ ಮೈ ತಿರುಗಬೇಕು. ನಾವು ರಾಜಗಾಂಭೀರ್ಯ ಅಂತ ಕರೆಯುವುದರಲ್ಲಿ ಅರ್ಧ ಭಾಗ ಈ ಭಾರದ್ದೇ. ಭರತನ ನಾಟ್ಯಶಾಸ್ತ್ರ ಅಭಿನಯವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಮೈ, ಮಾತು, ಒಳಗಿನ ಭಾವದ ಜೊತೆ ನಾಲ್ಕನೆಯದು ಆಹಾರ್ಯ, ಅಂದರೆ ಬಟ್ಟೆ, ಒಡವೆ, ಬಣ್ಣ. ಗಮನಿಸಿ, ಅದನ್ನೂ ಅಭಿನಯದ ಲೆಕ್ಕಕ್ಕೇ ಸೇರಿಸಿದ್ದಾರೆ. ಚಾರ್ಲಿ ಚಾಪ್ಲಿನ್ 1914ರಲ್ಲಿ ದೊಗಳೆ ಪ್ಯಾಂಟು, ಬಿಗಿ ಕೋಟು, ಪುಟ್ಟ ಟೋಪಿ, ದೊಡ್ಡ ಬೂಟು ಹಾಕಿಕೊಂಡಾಗ ಆ ಅಲೆಮಾರಿ ಯಾರು ಅಂತ ಅವರಿಗೇ ಗೊತ್ತಿರಲಿಲ್ಲವಂತೆ. ಬಟ್ಟೆ, ಮೀಸೆ ಮೈಮೇಲೆ ಬಂದ ಕೂಡಲೇ ಆ ಮನುಷ್ಯ ತಿಳಿದ ಅಂತ ಅವರೇ ಬರೆದುಕೊಂಡಿದ್ದಾರೆ.

ಈಗ ನಿಮ್ಮ ಕರ್ಣನ ವಿಷಯ. ವೇಷದ ದೃಷ್ಟಿಯಿಂದ ಕುರುಕ್ಷೇತ್ರದಲ್ಲಿ ಇಷ್ಟು ಒಳ್ಳೆಯ ಪಾತ್ರ ಇನ್ನೊಂದಿಲ್ಲ. ದುರ್ಯೋಧನ ಅರಮನೆಯಲ್ಲಿ ಹುಟ್ಟಿದವನು, ತಲೆ ಮೇಲೆ ಕಿರೀಟ ಇದೆ ಅನ್ನುವುದೇ ಅವನಿಗೆ ಮರೆತುಹೋಗಿರುತ್ತದೆ. ಕರ್ಣ ಸೂತರ ಮನೆಯಲ್ಲಿ ಬೆಳೆದವನು. ಅವನ ಕಿರೀಟ ಗೆಳೆಯ ಕೊಟ್ಟದ್ದು. ಕೊಟ್ಟ ಕಿರೀಟವನ್ನು ಯಾರೂ ಮರೆಯುವುದಿಲ್ಲ. ಟ್ರಂಕಿನಿಂದ ಬರುವುದು ಒಂದೇ ತರದ ಎರಡು ಕಿರೀಟ ಇರಬಹುದು, ಆದರೆ ನೀವಿಬ್ಬರೂ ಅದನ್ನು ಒಂದೇ ತರ ಹೊರುವಂತಿಲ್ಲ. ದುರ್ಯೋಧನನ ಎದುರು ನಿಂತಾಗ ನಿಮ್ಮ ತಲೆ ಎಷ್ಟು ಬಾಗುತ್ತದೆ? ಕುಂತಿ ಬಂದು ‘ಮಗನೇ’ ಅಂದಾಗ ಆ ಕಿರೀಟ ಹಗುರಾಗುತ್ತಾ, ಭಾರವಾಗುತ್ತಾ? ಇದನ್ನು ಯೋಚಿಸುತ್ತಾ ಒಂದು ವಾರ ನಡೆದು ನೋಡಿ.

ಇನ್ನು ಕುಂಡಲ. ಮಹಾಭಾರತದ ಪ್ರಕಾರ ಇಂದ್ರ ಬಂದು ಕವಚ, ಕುಂಡಲ ಕೇಳಿ ಪಡೆಯುವುದು ವನಪರ್ವದಲ್ಲಿ. ಅಂದರೆ ಯುದ್ಧದ ಹೊತ್ತಿಗೆ ಕರ್ಣನ ಹುಟ್ಟು ಕುಂಡಲ ಕಿವಿಯಲ್ಲಿಲ್ಲ. ನಮ್ಮ ಸೀನರಿಯವರು ಮಾತ್ರ ಎಲ್ಲರ ಕಿವಿಗೂ ಹೊಳೆಯುವ ಒಂದೊಂದು ತಗಡು ನೇತುಹಾಕುತ್ತಾರೆ, ಕರ್ಣನಿಗೂ ಸೇರಿಸಿ! ಮೇಷ್ಟ್ರು ಒಪ್ಪಿದರೆ ಕುಂತಿಯ ಸೀನಿಗೆ ಬರಿ ಕಿವಿಯಲ್ಲಿ ಹೋಗಿ. ಮಾತಿನ ನಡುವೆ ಒಂದೇ ಒಂದು ಸಲ ಕೈ ಕಿವಿಯ ಹತ್ತಿರ ಹೋಗಿ ವಾಪಸು ಬರಲಿ. ಎರಡು ಸಲ ಬೇಡ, ಆಗ ಅದು ಆಟ ಆಗಿಬಿಡುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ, ಎಲ್ಲ ತೀರ್ಮಾನ ಮಾಡುವುದು ದೂರ ಮತ್ತು ಬೆಳಕು. ಹಳೆಯ ಕಂಪನಿ ನಾಟಕಗಳಲ್ಲಿ ಮುಖಕ್ಕೆ ಅರದಾಳ ಅನ್ನುವ ಹಳದಿ ಖನಿಜದ ಪುಡಿ ಬಳಿಯುತ್ತಿದ್ದರು. ಗ್ಯಾಸ್ ಲೈಟಿನ ಮಬ್ಬಿನಲ್ಲಿ ಕೊನೆಯ ಸಾಲಿಗೂ ಮುಖ ಕಾಣಬೇಕಿತ್ತು. (ಅರದಾಳದಲ್ಲಿ ಆರ್ಸೆನಿಕ್ ಇದೆ, ವಿಷ. ಹಳೆ ಡಬ್ಬಿ ಸಿಕ್ಕಿತು ಅಂತ ಯಾರೂ ಮುಟ್ಟಬೇಡಿ.) ಈಗ ಫೋಕಸ್ ಲೈಟು ಬಂದಿದೆ, ಬಣ್ಣದ ದಪ್ಪ ಮಾತ್ರ ಇಳಿದಿಲ್ಲ. 1989ರಲ್ಲಿ ಬಿ. ವಿ. ಕಾರಂತರ ಮುಂದಾಳತ್ವದಲ್ಲಿ ಮೈಸೂರಿನಲ್ಲಿ ಶುರುವಾದ ನಾಟಕ ಸಂಸ್ಥೆ ರಂಗಾಯಣಕ್ಕೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಭೂಮಿಗೀತ ರಂಗಮಂದಿರದಲ್ಲಿ ನಟರು ಹತ್ತಿರದಲ್ಲೇ ಇರುತ್ತಾರೆ. ಅಲ್ಲಿ ನಿಮ್ಮೂರಿನ ಮೇಕಪ್ಪು ಹಾಕಿದರೆ ಮುಖವಾಡದ ತರ ಕಾಣುತ್ತದೆ. ನಿಮ್ಮೂರಿನ ಬಯಲಲ್ಲಿ ಹುಬ್ಬು, ಕಣ್ಣಿನ ಗೆರೆ ದಪ್ಪ ಇರಲೇಬೇಕು. ಕೆನ್ನೆಗೆ ಅಷ್ಟೊಂದು ಕೆಂಪು ಯಾಕೆ ಅಂತ ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮೇಕಪ್ಪು ನಟನೆಯನ್ನು ಮುಚ್ಚಿಹಾಕುತ್ತದೆ ಅನ್ನುವವರೂ ಇದ್ದಾರೆ. ಆದರೆ ‘ನಾನು ಅವನಲ್ಲ ಅವಳು’ ಚಿತ್ರದಲ್ಲಿ ಸಂಚಾರಿ ವಿಜಯ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು, ಮೇಕಪ್ಪಿನ ರಾಷ್ಟ್ರಪ್ರಶಸ್ತಿಯೂ ಅದೇ ಚಿತ್ರಕ್ಕೆ ಬಂತು. ಅಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ನೋಡಲಿಕ್ಕೇ ಆಗುವುದಿಲ್ಲ.

ನಿಮ್ಮ ಸ್ವಂತ ಸ್ಟೈಲ್ ಬೇರೆ ಕತೆ. ಮೈಸೂರಲ್ಲಿ ಹುಟ್ಟಿದ ವಿಷ್ಣುವರ್ಧನ್ ಅವರ ಕೈಯ ಕಡಗ ಅವರ ಗುರುತೇ ಆಗಿತ್ತು, ಮಿಮಿಕ್ರಿಯವರಿಗೆ ಅದೊಂದು ಸಿಕ್ಕರೆ ಸಾಕು. ಮಂಡ್ಯದ ನೊದೆಕೊಪ್ಪಲಿನಲ್ಲಿ ತೆಗೆದ ‘ತಿಥಿ’ ಸಿನಿಮಾದ ಗಡ್ಡಪ್ಪನಿಗೆ ಹೆಸರು ತಂದದ್ದೇ ಗಡ್ಡ. ಜನ ನೋಡಲು ಬರುತ್ತಿದ್ದದ್ದೇ ಅವರನ್ನು, ಹಾಗಾಗಿ ನಡೆಯುತ್ತಿತ್ತು. ನಿಮ್ಮನ್ನು ನೋಡಲು ಬರುವವರು ನಿಮ್ಮ ಮಾವಂದಿರು ಮತ್ತು ಪಕ್ಕದ ಬೀದಿಯವರು. ಅವರಿಗೆ ಕರ್ಣ ಕಾಣಬೇಕಾದರೆ ಮೊದಲು ನೀವು ಮರೆಯಾಗಬೇಕು. ವಾಚು, ಉಂಗುರ, ಮಂತ್ರಿಸಿದ ಕಪ್ಪು ದಾರ ತೆಗೆದಿಡಿ. ಪಕ್ಕ ಬೋಳಿಸಿದ ಕಟಿಂಗು ಒಂದು ತಿಂಗಳು ಬೇಡ, ಕಿರೀಟದ ಕೆಳಗೆ ಎದ್ದು ಕಾಣುತ್ತದೆ.

ಸೀನರಿಯವರಿಗೆ ಈಗಲೇ ಫೋನ್ ಮಾಡಿ, ಹತ್ತು ದಿನ ಮುಂಚೆ ಕಿರೀಟ, ಭುಜಕೀರ್ತಿ ಕೊಡುತ್ತಾರಾ ಕೇಳಿ. ಒಂದಿಷ್ಟು ಜಾಸ್ತಿ ಕೇಳಿದರೂ ಕೊಡಿ, ಕರ್ಣನ ಪಾರ್ಟು ಸಿಗಲಿ ಅಂತಲೇ ಅಷ್ಟು ದುಡ್ಡು ಕೊಟ್ಟಿದ್ದೀರಿ. ಸಿಗದಿದ್ದರೆ ತಲೆಗೆ ಟವೆಲ್ ಸುತ್ತಿ, ಮೇಲೆ ಭಾರವಾದ ಪಾತ್ರೆ ಇಟ್ಟುಕೊಂಡು ಕೊಟ್ಟಿಗೆಯಲ್ಲಿ ಹಾಡಿ. ಮನೆಯವರು ನಕ್ಕರೆ ನಗಲಿ. ನಾಟಕದ ದಿನ ಮೀಸೆ ಅಂಟಿಸುವ ಮುಂಚೆ ಮೇಲ್ದುಟಿ ನುಣ್ಣಗೆ ಬೋಳಿಸಿ, ಬೆವರು ಒರೆಸಿ, ಊಟ ಮುಗಿಸಿಬಿಡಿ. ಅಂಟು ಹಾಕಿದ ಮೇಲೆ ಮುದ್ದೆ, ಬಿಸಿ ಸಾರಿಗೆ ಕೂತರೆ ಎರಡನೇ ಸೀನಿಗೆ ಮೀಸೆ ಇರುವುದಿಲ್ಲ.