ಹೊಳೆ ಕೈಬಿಟ್ಟ ಊರಿಗೆ ಕಣ್ಣು ಬಿದ್ದ ಕಥೆ

ವೈನ್ ತುಂಬಿದ ಪೀಪಾಯಿಯ ಕೆಳಭಾಗದಲ್ಲಿ ಒಂದು ತೂತು ಕೊರೆದು, ಮರದ ನಲ್ಲಿಯೊಂದನ್ನು ಬಡಿದು ಕೂರಿಸುತ್ತಾರೆ. ಅದರ ಕಿವಿ ತಿರುಗಿಸಿದರೆ ವೈನ್ ಇಳಿಯಬೇಕು, ಹಿಂದಕ್ಕೆ ತಿರುಗಿಸಿದರೆ ಹನಿಯೂ ತೊಟ್ಟಿಕ್ಕಬಾರದು. ಒಳಗಿನ ಬಿರಡೆ ಕೂದಲೆಳೆಯಷ್ಟು ಸಡಿಲವಾದರೂ ನಲ್ಲಿ ಸೋರುತ್ತದೆ. ಆದ್ದರಿಂದ ಇದಕ್ಕೆ ಕಂಡ ಕಂಡ ಮರ ಆಗುವುದಿಲ್ಲ. ದಕ್ಷಿಣ ಫ್ರಾನ್ಸಿನ ಸುಣ್ಣಕಲ್ಲಿನ ಗುಡ್ಡಗಳಲ್ಲಿ ‘ಬುಯಿ’ ಎಂಬ ಕುಳ್ಳ ಮರ ಬೆಳೆಯುತ್ತದೆ. ಬೆಳವಣಿಗೆ ಬಹಳ ನಿಧಾನ, ಮರ ಹಳದಿ, ಎಳೆ ಬಲು ಬಿಗಿ. ಅದನ್ನು ಕಡೆದು ನಲ್ಲಿ ಮಾಡುವ ಕೆಲಸಗಾರರಿಗೆ ಅಲ್ಲಿನ ಆಡುಮಾತಿನಲ್ಲಿ ‘ರೊಬಿನೆತಾಯ್ರ್’ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ನಲ್ಲಿಗಾರರು.

ಈ ನಲ್ಲಿಗಾರರ ಊರು ಸೇಂ-ಸಿರ್-ಲಾಪೊಪಿ. ಬರೆಯುವಾಗ ‘ಸಿರ್’ನ ಕೊನೆಗೊಂದು ‘ಕ್’ ಸೇರಿಸುತ್ತಾರೆ, ಆಡುವಾಗ ನುಂಗುತ್ತಾರೆ, ಫ್ರೆಂಚರ ಚಾಳಿ. ಕಾಓರ್ ಪಟ್ಟಣದಿಂದ ಪೂರ್ವಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಲೋಟ್ ನದಿಯ ಎಡದಂಡೆಯ ಕಡಿದಾದ ಬಂಡೆಯ ಮೇಲೆ ಈ ಹಳ್ಳಿ ಕುಳಿತಿದೆ. ವಾಸಿಸುವವರು ಸುಮಾರು 200 ಮಂದಿ. ನೋಡಲು ಬರುವವರು ವರ್ಷಕ್ಕೆ ಸುಮಾರು 4 ಲಕ್ಷ ಎನ್ನುತ್ತಾರೆ. ಈ ಎರಡು ಸಂಖ್ಯೆಗಳು ಒಂದೇ ಊರಿಗೆ ಹೇಗೆ ಅಂಟಿಕೊಂಡವು ಎಂದು ತಿಳಿಯಬೇಕಾದರೆ ಕೋಟೆಯಿಂದ ಆರಂಭಿಸಿ ಪ್ರಯೋಜನವಿಲ್ಲ, ಹೊಳೆಯಿಂದ ಆರಂಭಿಸಬೇಕು.

ಆದರೂ ಕೋಟೆಯ ವಿಷಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮಧ್ಯಯುಗದಲ್ಲಿ ಲಾಪೊಪಿ, ಗುರ್ದೋಂ, ಕಾರ್ದಯಾಕ್ ಮೊದಲಾದ ಪಾಳೆಯಗಾರ ಮನೆತನಗಳು ಈ ಬಂಡೆಯನ್ನು ಹಂಚಿಕೊಂಡು ಆಳಿದವು. 1471ರಲ್ಲಿ ಫ್ರಾನ್ಸಿನ ದೊರೆ ಹನ್ನೊಂದನೆಯ ಲೂಯಿ ಕೋಟೆಯನ್ನು ಕೆಡವಲು ಅಪ್ಪಣೆ ಕೊಟ್ಟ. ಉಳಿದದ್ದನ್ನು 1580ರಲ್ಲಿ, ಮುಂದೆ ಫ್ರಾನ್ಸಿನ ದೊರೆಯಾದ ನವಾರಿನ ಆನ್ರಿ ಕೆಡವಿಸಿದ. ಈಗ ಬಂಡೆಯ ನೆತ್ತಿಯಲ್ಲಿರುವುದು ಮೊಂಡು ಗೋಡೆಗಳು ಮತ್ತು ನದಿಯ ತಿರುವಿನ ನೋಟ. ಅದರ ಕೆಳಗೆ 16ನೇ ಶತಮಾನದ ಚರ್ಚು.

ಊರಿನ ನಿಜವಾದ ಹಳಮೆ ಬೀದಿಗಳಲ್ಲಿದೆ. ಒಂದರ ಹೆಸರು ಪೆರೊಲರಿ, ಹಂಡೆ-ಕೊಪ್ಪರಿಗೆ ಮಾಡುವವರ ಬೀದಿ. ಇನ್ನೊಂದು ಪೆಲಿಸಾರಿಯಾ, ಚರ್ಮ ಹದ ಮಾಡುವವರದು. ಕಸುಬಿಗೊಂದು ಬೀದಿ. ಮನೆಗಳ ಕೆಳ ಅಂತಸ್ತಿನಲ್ಲಿ ಕಲ್ಲಿನ ಕಮಾನು, ಅದೇ ಅಂಗಡಿಯ ಬಾಯಿ. ಮೇಲೆ ಮರದ ಚೌಕಟ್ಟಿನ ಗೋಡೆ, ಅದರ ಮೇಲೆ ಕಡಿದಾದ ಕಂದು ಹೆಂಚಿನ ಮಾಡು. ಇಲ್ಲಿ ತಯಾರಾದ ಸಾಮಾನು ಹೊರಗೆ ಹೋಗುತ್ತಿದ್ದುದು ನೀರಿನ ಮೇಲೆ. ‘ಗಬಾರ್’ ಎಂಬ ಚಪ್ಪಟೆ ತಳದ ದೋಣಿಗಳು ಕಾಓರಿನ ಕಪ್ಪು ಬಣ್ಣದ ವೈನನ್ನು ಹೊತ್ತು ಲೋಟ್ ಇಳಿದು, ಎಗಿಯೋಂ ಬಳಿ ಗರೋನ್ ನದಿಗೆ ಸೇರಿ, ಬೋರ್ದೊ ಬಂದರಿನ ತನಕ ಹೋಗುತ್ತಿದ್ದವು. ವೈನ್ ಇದ್ದಲ್ಲಿ ಪೀಪಾಯಿ, ಪೀಪಾಯಿ ಇದ್ದಲ್ಲಿ ನಲ್ಲಿ.

ಹೊಳೆಯಲ್ಲಿ ಇಳಿಯುವುದು ಸುಲಭ, ಏರುವುದು ಕಷ್ಟ. ದೋಣಿಗೆ ಹಗ್ಗ ಕಟ್ಟಿ, ದಂಡೆಯ ಮೇಲೆ ನಡೆಯುತ್ತಾ, ಆಳುಗಳೋ ಕುದುರೆಗಳೋ ಅದನ್ನು ಪ್ರವಾಹಕ್ಕೆ ಎದುರಾಗಿ ಎಳೆಯಬೇಕಿತ್ತು. ಪಕ್ಕದ ಬುಜಿಯೆಸ್ ಹಳ್ಳಿ ಮತ್ತು ಸೇಂ-ಸಿರ್ ನಡುವೆ ಗನಿಲ್ ಎಂಬ ಜಾಗದಲ್ಲಿ ದಂಡೆಯೇ ಇಲ್ಲ. ಬಂಡೆ ನೆಟ್ಟಗೆ ನೀರಿಗೆ ಇಳಿಯುತ್ತದೆ. 1840ರ ದಶಕದಲ್ಲಿ ಆ ಬಂಡೆಯ ಪಕ್ಕೆಯನ್ನೇ ಕೊರೆದು ದಾರಿ ಮಾಡಿದರು. ಇವತ್ತಿಗೂ ಅದರಲ್ಲಿ ನಡೆದುಹೋಗುವವರಿಗೆ ಅದು ಅರ್ಧ ಸುರಂಗದಂತೆ ಕಾಣುತ್ತದೆ: ತಲೆಯ ಮೇಲೆ ಕಲ್ಲು, ಒಂದು ಪಕ್ಕದಲ್ಲಿ ಕಲ್ಲು, ಇನ್ನೊಂದು ಪಕ್ಕ ಬಯಲು, ಅಡಿಯಲ್ಲಿ ಹಸಿರು ನೀರು. ಪ್ರವಾಸಿಗಳು ಹೆಚ್ಚಾಗಿ ನಿಲ್ಲುವುದು ಗೋಡೆಯ ಒಂದು ಉದ್ದನೆಯ ಕೆತ್ತನೆಯ ಮುಂದೆ. ಅದರಲ್ಲಿರುವ ಮೀನು, ಚಿಪ್ಪುಗಳನ್ನು ಕಂಡು ಹಳೆಯ ಕಾಲದ್ದೆಂದು ನಂಬುವವರೂ ಇದ್ದಾರೆ. ಅದು ದಾನಿಯೆಲ್ ಮೊನಿಯೆ ಎಂಬ ಶಿಲ್ಪಿ 20ನೇ ಶತಮಾನದ ಕೊನೆಯ ದಶಕಗಳಲ್ಲಿ ಕೆತ್ತಿದ್ದು. ನನ್ನನ್ನು ಕೇಳಿದರೆ ಆ ಕೆತ್ತನೆಗಿಂತ ನೋಡಬೇಕಾದದ್ದು ದಾರಿಯೇ. ಹಗ್ಗ ಎಳೆಯುವವರಿಗೆಂದು ಇಷ್ಟು ಕಲ್ಲು ಕಡಿದವರು, ಈ ಹೊಳೆಯ ವ್ಯಾಪಾರ ಇನ್ನೂ ನೂರಾರು ವರ್ಷ ನಡೆಯುತ್ತದೆ ಎಂದೇ ಎಣಿಸಿದ್ದಿರಬೇಕು.

ನಡೆದದ್ದು ಒಂದು ತಲೆಮಾರಿನಷ್ಟು. 1870ರ ದಶಕದಲ್ಲಿ ಫಿಲಾಕ್ಸೆರಾ ಎಂಬ, ಬೇರಿಗೆ ಹತ್ತುವ ಸಣ್ಣ ಕೀಟ ಕಾಓರಿನ ದ್ರಾಕ್ಷಿ ತೋಟಗಳಿಗೆ ಬಂದು ಬಳ್ಳಿಗಳನ್ನು ಒಣಗಿಸಿತು. 1886ರಲ್ಲಿ ಕಾಓರಿನಿಂದ ಕಪ್ದೆನಾಕ್‌ಗೆ ಕಣಿವೆಯ ಉದ್ದಕ್ಕೂ ರೈಲು ಓಡತೊಡಗಿತು. ಕೀಟ ಸರಕನ್ನು ತಿಂದಿತು, ರೈಲು ದಾರಿಯನ್ನು ಕಸಿಯಿತು. 1926ರಲ್ಲಿ ಸರ್ಕಾರ ಲೋಟ್ ನದಿಯನ್ನು ದೋಣಿ ಸಂಚಾರದ ನದಿಗಳ ಪಟ್ಟಿಯಿಂದ ತೆಗೆದೇಹಾಕಿತು. ನಲ್ಲಿ ಕೊಳ್ಳುವವರಿಲ್ಲ, ದೋಣಿ ಕಟ್ಟುವವರಿಲ್ಲ. ಮಕ್ಕಳು ಪಟ್ಟಣ ಸೇರಿದರು, ಮಾಡುಗಳು ಕುಸಿದವು.

ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟಲು ಕೈಯಲ್ಲಿ ಹಣ ಬೇಕು. ಸೇಂ-ಸಿರ್‌ನಲ್ಲಿ ಅದು ಇರಲಿಲ್ಲ. 13ರಿಂದ 16ನೇ ಶತಮಾನದ ಮನೆಗಳು ಇಷ್ಟು ಸಂಖ್ಯೆಯಲ್ಲಿ ಉಳಿದದ್ದಕ್ಕೆ ಯಾರ ದೂರದೃಷ್ಟಿಯೂ ಕಾರಣವಲ್ಲ, ಬಡತನ ಕಾರಣ. ಇದನ್ನು ಪರಂಪರೆಯ ಫಲಕಗಳ ಮೇಲೆ ಯಾರೂ ಬರೆಯುವುದಿಲ್ಲ. ಊರು ಖಾಲಿಯಾದ ಹೊತ್ತಿಗೆ ಚಿತ್ರಕಾರರು ಬಂದರು: ಆನ್ರಿ ಮಾರ್ತೆಂ, ಸಂಗ್ರಾಹಕನೂ ಆಗಿದ್ದ ಜೋಸೆಫ್ ರಿನ್ಯೋ, ಕ್ಯಾಟಲನ್ ಚಿತ್ರಕಾರ ಪಿಯೆರ್ ದೌರಾ. ಅಗ್ಗಕ್ಕೆ ಸಿಕ್ಕ ಮನೆ ಕೊಂಡು ರಿಪೇರಿ ಮಾಡಿಸಿದರು. 1913ರ ಸ್ಮಾರಕ ಕಾನೂನಿನ ಅಡಿ ಒಂದೊಂದಾಗಿ ಕಟ್ಟಡಗಳು ಪಟ್ಟಿಗೆ ಸೇರಿದವು. ಈ ಪುಟ್ಟ ಹಳ್ಳಿಯಲ್ಲಿ ಈಗ 13 ಸಂರಕ್ಷಿತ ಸ್ಮಾರಕಗಳಿವೆ.

ಅತಿ ಪ್ರಸಿದ್ಧ ಅತಿಥಿ ಬಂದದ್ದು 1950ರ ಜೂನ್‌ನಲ್ಲಿ. ಎರಡನೇ ಮಹಾಯುದ್ಧದ ಗಾಯ ಇನ್ನೂ ಹಸಿಯಾಗಿದ್ದ ಕಾಲ. ಅಮೆರಿಕದ ಬಾಂಬರ್ ವಿಮಾನದ ಪೈಲಟ್ ಆಗಿದ್ದ ಗ್ಯಾರಿ ಡೇವಿಸ್ ತನ್ನ ಪೌರತ್ವ ಬಿಟ್ಟು ‘ವಿಶ್ವ ಪ್ರಜೆ’ ಎಂದು ಘೋಷಿಸಿಕೊಂಡಿದ್ದ. ಆ ಚಳವಳಿಯ ಗಾಳಿಯಲ್ಲಿ ಕಾಓರ್ ಪಟ್ಟಣ ತಾನು ಇಡೀ ಜಗತ್ತಿಗೆ ಸೇರಿದ ನೆಲ ಎಂದು 1949ರಲ್ಲಿ ಸಾರಿಕೊಂಡಿತು. ಗಡಿಗಳಿಲ್ಲದ ‘ವಿಶ್ವ ರಸ್ತೆ 1’ ಅಲ್ಲಿಂದ ಲೋಟ್ ಕಣಿವೆಯಲ್ಲಿ ಉದ್ಘಾಟನೆಯಾಯಿತು. ಆ ಸಮಾರಂಭಕ್ಕೆ ಬಂದವನು, ಕನಸು ಮತ್ತು ಸುಪ್ತಮನಸ್ಸನ್ನು ಕಲೆಗೆ ತಂದ ಸರ್ರಿಯಲಿಸಂ ಪಂಥದ ನಾಯಕ, ಕವಿ ಆಂದ್ರೆ ಬ್ರೆತೋಂ. ರಾತ್ರಿಯ ದೀಪಗಳಲ್ಲಿ ಸೇಂ-ಸಿರ್ ಕಂಡ. ಬೇರೆಲ್ಲಿಯೋ ಇರಬೇಕೆಂಬ ಆಸೆಯೇ ತನಗೆ ನಿಂತುಹೋಯಿತು ಎಂದು ಮರುವರ್ಷ ಬರೆದ. ಮನೆಯನ್ನೂ ಕೊಂಡ. ಆ ಮನೆಗೆ ‘ನಾವಿಕರ ವಸತಿಗೃಹ’ ಎಂದು ಹೆಸರು. ಅಂಬಿಗರು ಹೋದರು, ಅವರ ಹೆಸರಿನ ಮನೆ ಕವಿಯ ಬೇಸಿಗೆ ಬಿಡಾರವಾಯಿತು. 1966ರಲ್ಲಿ ಸಾಯುವ ತನಕ ಅವನು ಬೇಸಿಗೆ ಕಳೆದದ್ದು ಇಲ್ಲೇ.

ಇದೇ ಕವಿ 1952ರಲ್ಲಿ ಸಮೀಪದ ಕಬ್ರರೆ ಎಂಬಲ್ಲಿನ ಪೆಶ್ ಮೆರ್ಲ್ ಗುಹೆ ನೋಡಲು ಹೋದ. ಸಾವಿರಾರು ವರ್ಷ ಹಿಂದಿನ ಚಿತ್ರಗಳಿರುವ ಗುಹೆ. 1922ರಲ್ಲಿ ಇಬ್ಬರು ಹುಡುಗರು ಕಂಡುಹಿಡಿದದ್ದು. ಚುಕ್ಕೆಗಳಿರುವ ಕುದುರೆಗಳ ಪ್ರಸಿದ್ಧ ಚಿತ್ರ ಅಲ್ಲಿಯದೇ. ಮ್ಯಾಮತ್ ಎಂಬ, ಈಗ ಅಳಿದುಹೋದ ಕೂದಲಾನೆಯೊಂದರ ಸೊಂಡಿಲಿನ ಗೆರೆ ಬ್ರೆತೋಂಗೆ ಯಾಕೋ ಹಸಿ ಬಣ್ಣದಂತೆ ಕಂಡಿತು. ನಕಲಿ ಇರಬಹುದೆಂದು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಬಣ್ಣ ಕಿತ್ತು ಬೆರಳಿಗೆ ಬಂತು. ಗುಹೆ ತೋರಿಸುತ್ತಿದ್ದವರು ಕೈಗೆ ಕೋಲಿನಿಂದ ಹೊಡೆದರು, ಮಾತಿಗೆ ಮಾತು ಬೆಳೆಯಿತು, ಪ್ರಕರಣ ಕಾಓರಿನ ನ್ಯಾಯಾಲಯಕ್ಕೆ ಹೋಯಿತು. 1953ರಲ್ಲಿ ಕವಿಗೆ ದಂಡ ಬಿತ್ತು. ಅವನ ಗುಮಾನಿ ತಪ್ಪಾಗಿತ್ತು, ಚಿತ್ರಗಳು ಅಸಲಿ. ಪಕ್ಕದ ಹಳ್ಳಿಯ ಹಳಮೆಗೆ ಮರುಳಾದವನೇ ಗುಹೆಯ ಹಳಮೆಯನ್ನು ನಂಬದೆ ಹೋದದ್ದು ವಿಚಿತ್ರ.

ಬ್ರೆತೋಂ ನಂತರದ ಕಥೆಯಲ್ಲಿ ಕವಿಗಳಿಗಿಂತ ಪಟ್ಟಿಗಳೇ ಹೆಚ್ಚು. 1982ರಲ್ಲಿ ಕೊಲೋಂಜ್-ಲಾ-ರೂಜ್ ಗ್ರಾಮದ ಮೇಯರ್ ಶಾರ್ಲ್ ಸೆರಾಕ್ ‘ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು’ ಎಂಬ ಸಂಘ ಕಟ್ಟಿದ. ಸೇರಬೇಕಾದರೆ ಜನಸಂಖ್ಯೆ 2,000 ಮೀರಬಾರದು, ಸಂರಕ್ಷಿತ ಸ್ಮಾರಕವೋ ತಾಣವೋ ಕನಿಷ್ಠ ಎರಡು ಇರಬೇಕು. ಸೇಂ-ಸಿರ್ ಈ ಸಂಘದಲ್ಲಿದೆ. 1990ರಲ್ಲಿ ಲೋಟ್ ನದಿಯ 64 ಕಿಲೋಮೀಟರ್ ಭಾಗ ಮತ್ತೆ ದೋಣಿಗಳಿಗೆ ತೆರೆಯಿತು. ಈ ಬಾರಿ ವೈನ್ ಇಲ್ಲ, ರಜೆಯ ಜನ. 2012ರಲ್ಲಿ ಟಿವಿ ವಾಹಿನಿಯೊಂದು ವೀಕ್ಷಕರ ಮತ ಕೇಳಿ ‘ಫ್ರೆಂಚರ ಮೆಚ್ಚಿನ ಹಳ್ಳಿ’ ಎಂಬ ಸ್ಪರ್ಧೆ ಆರಂಭಿಸಿತು. ಮೊದಲ ವರ್ಷವೇ ಗೆದ್ದದ್ದು ಸೇಂ-ಸಿರ್.

ಜುಲೈ-ಆಗಸ್ಟಿನಲ್ಲಿ ಇಲ್ಲಿಗೆ ಹೋಗುವವರು ಕಾರನ್ನು ಊರ ಹೊರಗೆ ಹಣ ಕೊಟ್ಟು ನಿಲ್ಲಿಸಿ, ನಡೆದು ಬರಬೇಕು. ಹಂಡೆ ಮಾಡುವವರ ಬೀದಿಯಲ್ಲಿ ಹೆಗಲಿಗೆ ಹೆಗಲು ತಾಗುವಷ್ಟು ಜನ. ಚಳಿಗಾಲದಲ್ಲಿ ಅದೇ ಬೀದಿಯಲ್ಲಿ ಮುಚ್ಚಿದ ಬಾಗಿಲುಗಳೇ ಹೆಚ್ಚು. ನೋಡಲೇಬೇಕೆನ್ನುವವರಿಗೆ ಮೇ ತಿಂಗಳ ಬೆಳಗಿನ ಹೊತ್ತು ಒಳ್ಳೆಯದು: ಬುಜಿಯೆಸ್‌ನಿಂದ ಆ ಕಲ್ಲಿನ ದಾರಿ ಹಿಡಿದು, ದೋಣಿ ಎಳೆಯುವವರಂತೆ ಹೊಳೆಗೆ ಎದುರಾಗಿ ನಡೆದು ಊರು ಹತ್ತಬೇಕು. ಪೆಶ್ ಮೆರ್ಲ್‌ಗೂ ಹೋಗುವುದಾದರೆ ಮುಂಗಡ ಟಿಕೆಟ್ ಬೇಕು. ಉಸಿರಿನ ಹಬೆ ಬಣ್ಣವನ್ನು ಕೆಡಿಸೀತು ಎಂದು ಅಲ್ಲಿಗೆ ದಿನಕ್ಕೆ 700 ಮಂದಿಯನ್ನು ಮಾತ್ರ ಬಿಡುತ್ತಾರೆ. ಬಂಡೆಯ ಮೇಲಿನ ಊರಿಗೆ ಅಂಥ ಎಣಿಕೆ ಇಲ್ಲ. ಕಾರು ನಿಲ್ಲಿಸುವ ಜಾಗ ತುಂಬಿದರೆ ಅದೇ ಮಿತಿ.