ಕೂಗುವವರನ್ನು ಬಿಟ್ಟು ಸುಮ್ಮನಿರುವವರ ಹತ್ತಿರ ಸಿಸ್ಟರ್ ಹೋಗುವುದು ಯಾಕೆ?

ಸರ್ಕಾರಿ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಕೆಲಸ ಮಾಡುವ ನನ್ನಂಥವರ ಮೇಲೆ ಜನರ ದೂರು ಹೆಚ್ಚುಕಮ್ಮಿ ಒಂದೇ. "ಎಷ್ಟು ಹೊತ್ತಿಂದ ಕರೀತಾ ಇದೀವಿ, ಸಿಸ್ಟರ್ ತಿರುಗಿಯೂ ನೋಡಲ್ಲ. ಆ ಮೂಲೆ ಬೆಡ್ಡಿನವರು ಕರೆದೇ ಇಲ್ಲ, ಅಲ್ಲೇ ನಿಂತ್ಕೊಂಡಿದಾರೆ."

ದೂರು ಸುಳ್ಳಲ್ಲ. ನಾವು ಹಾಗೆ ಮಾಡುತ್ತೇವೆ, ಬೇಕಂತಲೇ ಮಾಡುತ್ತೇವೆ. ಸಾಮಾನ್ಯ ವಾರ್ಡಿನಲ್ಲಿ ಆರು ಹಾಸಿಗೆಗೆ ಒಬ್ಬ ನರ್ಸ್ ಅನ್ನುವುದು ಕಾಗದದ ಲೆಕ್ಕ. ರಾತ್ರಿ ಪಾಳಿಗೆ ಬಂದು ನೋಡಿದರೆ ಇಡೀ ವಾರ್ಡಿಗೆ ಒಬ್ಬರೋ ಇಬ್ಬರೋ ಇರುತ್ತೇವೆ. ಒಂದೇ ಹೊತ್ತಿಗೆ ನಾಲ್ಕು ಕಡೆಯಿಂದ ಕೂಗು ಬಂದರೆ ಮೊದಲು ಎಲ್ಲಿಗೆ ಹೋಗಬೇಕು ಅನ್ನುವುದೇ ನಮ್ಮ ಕೆಲಸದ ಅರ್ಧ ಭಾಗ. ಜೋರಾಗಿ ಕೂಗುವವರಿಗೆ ಉಸಿರಾಟಕ್ಕೆ ದಾರಿ ತೆರೆದಿದೆ, ಎಚ್ಚರ ಇದೆ, ಮಾತಾಡುವಷ್ಟು ಗಾಳಿ ಇದೆ. ಅವರ ನೋವು ಖಂಡಿತ ನಿಜ. ಆದರೆ ಅವರು ಐದು ನಿಮಿಷ ಕಾಯಬಲ್ಲರು.

ನಮಗೆ ಹೆದರಿಕೆ ಹುಟ್ಟಿಸುವುದು ಬೇರೆ ಥರದವರು. ಬೆಳಗ್ಗೆಯಿಂದ ನರಳುತ್ತಿದ್ದ ರೋಗಿ ಸಂಜೆಗೆ ಸುಮ್ಮನಾಗುತ್ತಾರೆ. ಮನೆಯವರಿಗೆ ಸಮಾಧಾನ. "ಈಗ ಸ್ವಲ್ಪ ನಿದ್ದೆ ಹತ್ತಿದೆ ಸಿಸ್ಟರ್, ಎಬ್ಬಿಸಬೇಡಿ" ಅನ್ನುತ್ತಾರೆ. ನಾವು ಎಬ್ಬಿಸಿಯೇ ಎಬ್ಬಿಸುತ್ತೇವೆ. ಹೆಸರು ಕೇಳುತ್ತೇವೆ, ಯಾವ ಊರು ಅಂತ ಕೇಳುತ್ತೇವೆ, ಪಕ್ಕದಲ್ಲಿ ಕೂತಿರುವುದು ಯಾರು ಅಂತ ಕೇಳುತ್ತೇವೆ. ಮಗಳನ್ನು ತೋರಿಸಿ "ನಮ್ಮಕ್ಕ" ಅಂದರೆ ಅದು ನಿದ್ದೆಯ ಮಂಪರಲ್ಲ. ಸಕ್ಕರೆ ಇಳಿದಿರಬಹುದು, ಸೋಂಕು ರಕ್ತಕ್ಕೆ ಹಬ್ಬಿ ಅಂಗಾಂಗಗಳು ಕೆಡುವ ಸೆಪ್ಸಿಸ್ ಆಗಿರಬಹುದು, ಉಸಿರಾಟ ಸಾಲದೆ ಕಾರ್ಬನ್ ಡೈಆಕ್ಸೈಡ್ ಮೈಯಲ್ಲಿ ತುಂಬಿರಬಹುದು. ಮೊದಲು ಬೆರಳಿಗೆ ಚುಚ್ಚಿ ಸಕ್ಕರೆ ನೋಡುತ್ತೇವೆ. ಗ್ಲುಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ ಅಲ್ಲೇ ಚಿಕಿತ್ಸೆ ಶುರು. ಹೀಗೆ ಮಂಪರಾದವರ ಬಾಯಿಗೆ ಸಕ್ಕರೆ ನೀರು, ಹಾಲು, ಕಾಫಿ ಯಾವುದನ್ನೂ ಹಾಕಬಾರದು. ಅದು ಹೊಟ್ಟೆಗೆ ಇಳಿಯುವ ಬದಲು ಶ್ವಾಸಕೋಶಕ್ಕೆ ಹೋಗಬಹುದು.

ಇನ್ನೊಂದು ವಿಷಯ ಉಸಿರು. ಬಿಪಿ, ಪಲ್ಸ್, ಜ್ವರ, ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಎಲ್ಲಕ್ಕೂ ಮೆಷಿನ್ ಇದೆ. ವಾರ್ಡಿನಲ್ಲಿ ಉಸಿರಿನ ಲೆಕ್ಕಕ್ಕೆ ಮಾತ್ರ ಇವತ್ತಿಗೂ ಕಣ್ಣು ಮತ್ತು ಗಡಿಯಾರವೇ ಗತಿ. ಅದಕ್ಕೇ ಇರಬೇಕು, ಎಲ್ಲರೂ ಬಿಟ್ಟುಬಿಡುವುದೂ ಅದನ್ನೇ. ಎಷ್ಟೋ ಕೇಸ್ ಶೀಟುಗಳಲ್ಲಿ ಎಲ್ಲ ರೋಗಿಗಳಿಗೂ ಉಸಿರು 18, ಇಲ್ಲವೇ 20. ಇಡೀ ವಾರ್ಡು ಒಂದೇ ತಾಳಕ್ಕೆ ಉಸಿರಾಡುತ್ತಾ ಅಂತ ಹೊಸ ಹುಡುಗಿಯರನ್ನು ನಾನು ಛೇಡಿಸುವುದುಂಟು.

ಎಣಿಸುವುದಕ್ಕೂ ಒಂದು ರೀತಿ ಇದೆ. "ನಿಮ್ಮ ಉಸಿರು ಎಣಿಸ್ತೀನಿ" ಅಂತ ಹೇಳಿದರೆ ಕೆಲಸ ಕೆಟ್ಟಿತು. ಹೇಳಿದ ಕ್ಷಣದಿಂದ ಅವರ ಉಸಿರಾಟ ಬದಲಾಗುತ್ತದೆ. ಹಾಗಾಗಿ ಪಲ್ಸ್ ನೋಡುವವರ ಹಾಗೆ ಮಣಿಕಟ್ಟು ಹಿಡಿದು, ಕಣ್ಣನ್ನು ಎದೆಯ ಮೇಲಿಡುತ್ತೇವೆ. ಅಜ್ಜಿಯಂದಿರು ಕತ್ತಿನವರೆಗೂ ಕಂಬಳಿ ಹೊದ್ದಿರುತ್ತಾರೆ, ಏನೂ ಕಾಣಿಸುವುದಿಲ್ಲ. ಆಗ ಅವರದೇ ಕೈಯನ್ನು ಅವರ ಹೊಟ್ಟೆಯ ಮೇಲಿಟ್ಟು, ಅದರ ಮೇಲೆ ನಮ್ಮ ಕೈ ಇಟ್ಟರೆ ಏರಿಳಿತ ತಿಳಿಯುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರಿನ ತಪ್ಪು ನಾಲ್ಕಾಗುತ್ತದೆ.

ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸರಿ. 25 ದಾಟಿದರೆ ಬೇರೆಲ್ಲ ಚೆನ್ನಾಗಿದ್ದರೂ ನಾನು ಆ ಬೆಡ್ ಬಿಟ್ಟು ಹೋಗುವುದಿಲ್ಲ. ಯಾಕಂದರೆ ಮೈಗೆ ತೊಂದರೆಯಾದಾಗ ಉಸಿರು ಬೇಗ ಏರುತ್ತದೆ, ಬಿಪಿ ಬಹಳ ತಡವಾಗಿ ಬೀಳುತ್ತದೆ. ಅದರಲ್ಲೂ ಪ್ರಾಯದವರು, ಬಾಣಂತಿಯರು ಸುಮಾರು ರಕ್ತ ಹೋದ ಮೇಲೂ ಬಿಪಿಯನ್ನು ಹಿಡಿದಿಟ್ಟುಕೊಂಡಿರುತ್ತಾರೆ. ಅವರ ಬಿಪಿ ಬಿದ್ದಾಗ ನಮಗೆ ಉಳಿದಿರುವ ಸಮಯ ತುಂಬ ಕಡಿಮೆ.

ಈ ಲೆಕ್ಕವನ್ನೆಲ್ಲ ಒಂದು ಅಂಕಪಟ್ಟಿ ಮಾಡಿದವರು ಬ್ರಿಟನ್ನಿನ ವೈದ್ಯರ ಸಂಸ್ಥೆ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್. 2012ರಲ್ಲಿ ಬಂತು, 2017ರಲ್ಲಿ ತಿದ್ದಿದರು. ಹೆಸರು ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್, ಚಿಕ್ಕದಾಗಿ ನ್ಯೂಸ್. ಉಸಿರು, ಸ್ಯಾಚುರೇಶನ್, ಆಕ್ಸಿಜನ್ ಹಾಕಿದೆಯೋ ಇಲ್ಲವೋ, ಬಿಪಿಯ ಮೇಲಿನ ಅಂಕಿ, ಪಲ್ಸ್, ಎಚ್ಚರ, ಜ್ವರ. ಸರಿಯಿದ್ದರೆ ಸೊನ್ನೆ, ಕೆಟ್ಟಷ್ಟೂ ಅಂಕ ಜಾಸ್ತಿ. ಒಟ್ಟು 5 ಆದರೆ ವೈದ್ಯರು ಬೇಗ ಬಂದು ನೋಡಬೇಕು. 7 ಅಥವಾ ಅದಕ್ಕಿಂತ ಮೇಲಾದರೆ ಎಮರ್ಜೆನ್ಸಿ. ನಮ್ಮಲ್ಲಿ ಎಲ್ಲ ಆಸ್ಪತ್ರೆಯಲ್ಲೂ ಈ ಪಟ್ಟಿ ಇಲ್ಲ. ಆದರೆ ಅನುಭವ ಇರುವ ಸಿಸ್ಟರ್ ತಲೆಯಲ್ಲಿ ನಡೆಯುವುದು ಇದೇ ಲೆಕ್ಕ.

ಲೆಕ್ಕ ಸಿಕ್ಕಿದ ಮೇಲೆ ಡ್ಯೂಟಿ ಡಾಕ್ಟರಿಗೆ ಫೋನ್. ಅವರು ಕ್ಯಾಶುವಾಲ್ಟಿಯಲ್ಲಿ ಇನ್ನೊಂದು ಕೇಸಿನಲ್ಲಿ ಮುಳುಗಿರುತ್ತಾರೆ. "ಸರ್, ಎಂಟನೇ ಬೆಡ್ ಪೇಶೆಂಟ್ ಯಾಕೋ ಸರಿ ಇಲ್ಲ" ಅಂದರೆ "ಆಯ್ತು, ಬರ್ತೀನಿ" ಅನ್ನುತ್ತಾರೆ. ಯಾವಾಗ ಅಂತ ಗೊತ್ತಿಲ್ಲ. ಅದನ್ನೇ ಹೀಗೆ ಹೇಳಬೇಕು:

"ಸರ್, ಮೇಲ್ ಮೆಡಿಕಲ್ ವಾರ್ಡಿಂದ. ಎಂಟನೇ ಬೆಡ್, 62 ವರ್ಷ, ಶುಗರ್ ಇದೆ, ಕಾಲಿನ ಹುಣ್ಣಿಗೆ ನಿನ್ನೆ ಅಡ್ಮಿಟ್ ಆದವರು. ಸಂಜೆ ಆರಕ್ಕೆ ಉಸಿರು 20, ಬಿಪಿ 130/80 ಇತ್ತು. ಈಗ ಉಸಿರು 28, ಪಲ್ಸ್ 118, ಬಿಪಿ 100/60, ಸ್ಯಾಚುರೇಶನ್ 93, ಜ್ವರ 101. ಕೇಳಿದ್ದಕ್ಕೆ ಏನೇನೋ ಹೇಳ್ತಿದಾರೆ. ಶುಗರ್ 240, ಇಳಿದಿಲ್ಲ. ನನಗೆ ಸೆಪ್ಸಿಸ್ ಅನ್ಸುತ್ತೆ. ನೀವು ಈಗ್ಲೇ ಬರ್ಬೇಕು. ಅಷ್ಟರಲ್ಲಿ ಆಕ್ಸಿಜನ್ ಹಾಕಿ, ಇನ್ನೊಂದು ಡ್ರಿಪ್ ಲೈನ್ ಹಾಕಿಡ್ತೀನಿ."

ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ನ್ಯೂಸ್ ಲೆಕ್ಕದಲ್ಲಿ ಈ ರೋಗಿಗೆ 13 ಅಂಕ. ಈಗೇನಾಗಿದೆ, ಹಿಂದೆ ಏನಿತ್ತು, ನನಗೇನು ಅನ್ನಿಸುತ್ತದೆ, ನಿಮ್ಮಿಂದ ಏನು ಬೇಕು ಎಂಬ ಈ ಕ್ರಮ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಲ್ಲಿ. ಕೊನೆಯ ತುಂಡು, ಅಂದರೆ "ನೀವು ಈಗ್ಲೇ ಬರ್ಬೇಕು" ಅನ್ನುವುದು, ನಮ್ಮವರ ಬಾಯಲ್ಲಿ ಸುಲಭಕ್ಕೆ ಬರುವುದಿಲ್ಲ. ಡಾಕ್ಟರಿಗೆ ನರ್ಸ್ ಹೇಳುವುದಾ ಅನ್ನುವ ಸಂಕೋಚ. ವಾರ್ಡಿನ ಸೆಪ್ಸಿಸ್ ಸಾವುಗಳಲ್ಲಿ ಈ ಸಂಕೋಚದ ಪಾಲೂ ಇದೆ ಅಂತ ನಾನು ನಂಬಿದ್ದೇನೆ. ಸೆಪ್ಸಿಸ್‌ನಲ್ಲಿ ಬಿಪಿ ಬಿದ್ದು ಅಂಗಾಂಗಗಳಿಗೆ ರಕ್ತ ಸಾಲದ ಶಾಕ್ ಸ್ಥಿತಿ ಆಗಿದ್ದರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಮೈಗೆ ಸೇರಬೇಕು. ಫೋನಿನಲ್ಲೇ ಇಪ್ಪತ್ತು ನಿಮಿಷ ಹೋದರೆ ಉಳಿಯುವುದೆಷ್ಟು?

ಎದೆನೋವಿನ ಕಥೆಯೂ ಗಡಿಯಾರದ್ದೇ. ಎದೆನೋವು ಅಂತ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಚೀಟಿ ಮಾಡಿಸುವುದು, ಆಧಾರ್ ಕಾರ್ಡ್ ಹುಡುಕುವುದು ಆಮೇಲೆ. ಕರ್ನಾಟಕದಲ್ಲಿ 2023ರಿಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡುತ್ತಾರೆ. ಹಾರ್ಟ್ ಅಟ್ಯಾಕ್ ಅಂತ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಕೊಡುವ ಮುಂಚೆ ನಾವು ಪಟಪಟ ಕೇಳುತ್ತೇವೆ: ಇತ್ತೀಚೆಗೆ ಲಕ್ವ ಹೊಡೆದಿತ್ತಾ? ಆಪರೇಶನ್ ಆಗಿತ್ತಾ? ತಲೆಗೆ ಪೆಟ್ಟು ಬಿದ್ದಿತ್ತಾ? ಎಲ್ಲಾದರೂ ರಕ್ತ ಹೋಗ್ತಿದೆಯಾ? ಇದನ್ನು ತನಿಖೆ ಅಂದುಕೊಂಡು ಕೆಲವರು ಸಿಟ್ಟಾಗುತ್ತಾರೆ. ಉತ್ತರ ತಪ್ಪಾದರೆ ಅದೇ ಇಂಜೆಕ್ಷನ್ ಮೆದುಳಿನಲ್ಲಿ ರಕ್ತಸ್ರಾವ ಮಾಡಿಸಬಹುದು. ಅಂದ ಹಾಗೆ, ಎದೆನೋವಿನವರನ್ನು ಬಾತ್‌ರೂಮಿಗೆ ನಡೆಸಿಕೊಂಡು ಹೋಗಬೇಡಿ. "ಗ್ಯಾಸ್ ಇರ್ಬೇಕು, ಸ್ವಲ್ಪ ಓಡಾಡಿದ್ರೆ ಸರಿಹೋಗುತ್ತೆ" ಅಂತ ಓಡಾಡಿಸುವುದಂತೂ ಬೇಡವೇ ಬೇಡ. ಸಕ್ಕರೆ ಕಾಯಿಲೆ ಇರುವವರಿಗೆ, ಹೆಂಗಸರಿಗೆ ನೋವೇ ಬಾರದೆ ಬರೀ ಬೆವರು, ವಾಂತಿ, ಸುಸ್ತಾಗಿಯೂ ಹಾರ್ಟ್ ಅಟ್ಯಾಕ್ ಬರುತ್ತದೆ.

ಎಲ್ಲವೂ ಕೈಮೀರಿ ಹೃದಯ ನಿಂತರೆ ಆಗುವುದನ್ನು ಕೋಡ್ ಬ್ಲೂ ಅನ್ನುತ್ತಾರೆ. ಪರದೆ ಎಳೆದು ನಿಮ್ಮನ್ನು ಹೊರಗೆ ಕಳಿಸುತ್ತೇವಲ್ಲ, ಆಗ ಒಳಗೆ ಏನಾಗುತ್ತದೆ ಅನ್ನುವುದು ಬಹಳ ಮಂದಿಗೆ ಗೊತ್ತಿಲ್ಲ.

ಮೊದಲು ಹಾಸಿಗೆ ಸಪಾಟು ಮಾಡಿ, ಬೆನ್ನಿನ ಕೆಳಗೆ ಗಟ್ಟಿ ಹಲಗೆ ತಳ್ಳುತ್ತೇವೆ. ಮೆತ್ತಗಿನ ಹಾಸಿಗೆಯ ಮೇಲೆ ಒತ್ತಿದರೆ ಎದೆಯ ಜೊತೆ ಹಾಸಿಗೆಯೂ ಕುಸಿದು ಒತ್ತಡ ಅರ್ಧ ಪೋಲಾಗುತ್ತದೆ. ಗಿಡ್ಡ ಇರುವವರಿಗೆ ಮೆಟ್ಟಿಲ ಸ್ಟೂಲ್ ಬೇಕೇ ಬೇಕು, ಮೇಲಿನಿಂದ ನೇರವಾಗಿ ಭಾರ ಬೀಳಬೇಕಲ್ಲ. ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ. ಮೂವತ್ತು ಒತ್ತು, ಕೈಯಲ್ಲಿ ಒತ್ತಿ ಗಾಳಿ ಕೊಡುವ ಆಂಬು ಬ್ಯಾಗಿನಿಂದ ಎರಡು ಉಸಿರು. ಎರಡು ನಿಮಿಷಕ್ಕೆ ಆಳು ಬದಲು, ದಣಿದ ಕೈ ತನಗೇ ತಿಳಿಯದಂತೆ ಮೇಲೆ ಮೇಲೆ ಒತ್ತತೊಡಗುತ್ತದೆ. ಪಕ್ಕೆಲುಬು ಮುರಿಯುವ ಸದ್ದು ಕೇಳುವುದೂ ಉಂಟು. ನಿಲ್ಲಿಸುವ ಹಾಗಿಲ್ಲ.

ಒಬ್ಬರು ಔಷಧಿ ಕೊಡುವವರು. ಡಾಕ್ಟರ್ "ಅಡ್ರಿನಾಲಿನ್ ಒಂದು ಎಂಜಿ" ಅಂದರೆ ಸಿಸ್ಟರ್ "ಅಡ್ರಿನಾಲಿನ್ ಒಂದು ಎಂಜಿ" ಅಂತ ವಾಪಸ್ ಹೇಳಿ, ಕೊಟ್ಟ ಮೇಲೆ "ಕೊಟ್ಟಾಯ್ತು" ಅಂತ ಕೂಗುತ್ತಾರೆ. ಹಿಂದೆಯೇ ಸಲೈನ್ ತಳ್ಳಿ ಕೈ ಎತ್ತಿ ಹಿಡಿಯುತ್ತಾರೆ, ಇಲ್ಲದಿದ್ದರೆ ಔಷಧಿ ತೋಳಿನಲ್ಲೇ ಉಳಿಯುತ್ತದೆ. ಇನ್ನೊಬ್ಬರು ಬೇರೇನೂ ಮುಟ್ಟದೆ ಗಡಿಯಾರ ನೋಡಿಕೊಂಡು ಬರೆಯುತ್ತಿರಬೇಕು. ಅಡ್ರಿನಾಲಿನ್ ಮೂರರಿಂದ ಐದು ನಿಮಿಷಕ್ಕೊಮ್ಮೆ, ಆ ಗಡಿಬಿಡಿಯಲ್ಲಿ ಎರಡು ನಿಮಿಷ ಹತ್ತರಂತೆ ಅನ್ನಿಸುತ್ತದೆ. ಖಾಲಿ ಆಂಪೂಲ್‌ಗಳನ್ನು ಎಸೆಯದೆ ಒಂದು ಟ್ರೇನಲ್ಲಿ ಇಡುತ್ತೇವೆ, ಕೊನೆಗೆ ಬರೆದದ್ದಕ್ಕೂ ಟ್ರೇಗೂ ತಾಳೆ ನೋಡಲು. ಇನ್ನು ಎದೆಗೆ ಕೊಡುವ ಕರೆಂಟ್ ಶಾಕ್. ಸಿನಿಮಾದಲ್ಲಿ ಮಾನಿಟರಿನ ಗೆರೆ ನೆಟ್ಟಗಾದ ಕೂಡಲೇ ಶಾಕ್ ಕೊಡುತ್ತಾರೆ, ನಮಗೆ ನಗು ಬರುತ್ತದೆ. ನೆಟ್ಟಗಿನ ಗೆರೆಗೆ ಶಾಕ್ ಕೆಲಸ ಮಾಡುವುದಿಲ್ಲ. ಹೃದಯ ಲಯ ತಪ್ಪಿ ಅದುರುತ್ತಿದ್ದರೆ ಮಾತ್ರ ಅದು.

ಇದೆಲ್ಲ ನಡೆಯುವುದು ತುರ್ತಿನ ಔಷಧಿ, ಸಲಕರಣೆ ಇಡುವ ಕ್ರ್ಯಾಶ್ ಕಾರ್ಟ್ ಅನ್ನುವ ಟ್ರಾಲಿಯ ಮೇಲೆ ನಂಬಿಕೆಯಿಟ್ಟು. ಪಾಳಿ ಬದಲಾದಾಗ ಸಿಸ್ಟರ್‌ಗಳು ಅದರ ಮುಂದೆ ನಿಂತು ಏನೋ ಎಣಿಸುತ್ತಿರುತ್ತಾರೆ, ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ಬಲ್ಬ್ ಹತ್ತುತ್ತಾ ಅಂತ ಹಚ್ಚಿ ನೋಡುತ್ತಾರೆ. ಆಗ "ಕೆಲಸ ಬಿಟ್ಟು ಮಾತಾಡ್ತಾ ನಿಂತಿದಾರೆ" ಅನ್ನಬೇಡಿ.

ಹಾಗಂತ ವಾರ್ಡಿನಲ್ಲಿ ಹೃದಯ ನಿಲ್ಲುವುದು ಸಾಮಾನ್ಯವಾಗಿ ಏಕಾಏಕಿ ಅಲ್ಲ. ಎಷ್ಟೋ ಗಂಟೆ ಮುಂಚೆಯೇ ಉಸಿರು, ಪಲ್ಸ್, ಎಚ್ಚರ ಬದಲಾಗಲು ಶುರುವಾಗಿರುತ್ತದೆ. ಅದನ್ನು ನಮಗಿಂತ ಮೊದಲು ಕಾಣುವವರು ಪಕ್ಕದಲ್ಲಿ ಕೂತ ಮನೆಯವರು. ಇಂಗ್ಲೆಂಡಿನ ಮಾರ್ತಾ ಮಿಲ್ಸ್ ಎಂಬ 13 ವರ್ಷದ ಹುಡುಗಿ ಸೈಕಲ್ಲಿನಿಂದ ಬಿದ್ದು ಮೇದೋಜ್ಜೀರಕ ಗ್ರಂಥಿಗೆ ಪೆಟ್ಟಾಗಿ ಆಸ್ಪತ್ರೆ ಸೇರಿ, 2021ರಲ್ಲಿ ಸೆಪ್ಸಿಸ್‌ನಿಂದ ತೀರಿಕೊಂಡಳು. ಮಗಳು ಕೆಡುತ್ತಿದ್ದಾಳೆ ಅಂತ ಅಪ್ಪ ಅಮ್ಮ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಹೋರಾಟದಿಂದ 2024ರಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ ಮಾರ್ತಾ ನಿಯಮ ಶುರುವಾಯಿತು. ಮನೆಯವರಿಗೆ ಆತಂಕವಾದರೆ ಬೇರೆ ತಂಡವನ್ನು ತಾವೇ ಕರೆಸಿ ಇನ್ನೊಮ್ಮೆ ನೋಡಿಸಬಹುದು.

ನಮ್ಮಲ್ಲಿ ಅಂಥ ನಿಯಮ ಬರುವ ತನಕ ನೀವು ಕರೆಯುವ ರೀತಿಯಿಂದಲೇ ಸ್ವಲ್ಪ ಕೆಲಸವಾಗುತ್ತದೆ. "ಸಿಸ್ಟರ್, ಬೇಗ ಬನ್ನಿ" ಅಂತ ಹತ್ತು ಸಲ ಕೂಗುವುದಕ್ಕಿಂತ, ಏನು ಬದಲಾಯಿತು ಅಂತ ಒಂದು ಸಲ ಹೇಳಿ. "ಮಧ್ಯಾಹ್ನ ಎದ್ದು ಕೂತು ಊಟ ಮಾಡಿದ್ರು, ಈಗ ಕಣ್ಣೇ ಬಿಡ್ತಿಲ್ಲ." "ಬೆಳಗ್ಗೆಯಿಂದ ಮೂತ್ರ ಹೋಗಿಲ್ಲ." "ಒಂದು ವಾಕ್ಯ ಮುಗಿಸೋದ್ರೊಳಗೆ ಎರಡು ಸಲ ಉಸಿರು ತಗೊಳ್ತಾರೆ." ಬಾಣಂತಿಯಾದರೆ "ಈಗಷ್ಟೇ ಹಾಕಿದ ಪ್ಯಾಡ್ ಆಗ್ಲೇ ನೆನೆದುಹೋಯ್ತು." ಇಂಥ ಮಾತು ಕೇಳಿದರೆ ಕೈಯಲ್ಲಿರುವ ಇಂಜೆಕ್ಷನ್ ಟ್ರೇ ಕೆಳಗಿಟ್ಟು ಓಡಿ ಬರುತ್ತೇವೆ.

ಮೆಷಿನ್ ಕೂಗಿದರೆ ಗಾಬರಿ ಬೇಡ, ರೋಗಿಯನ್ನು ನೋಡಿ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ, ಕ್ಲಿಪ್ ಜಾರಿದ್ದರೆ ಸ್ಯಾಚುರೇಶನ್ ತಪ್ಪು ತೋರಿಸುತ್ತದೆ. ಡ್ರಿಪ್ಪಿನ ಚಕ್ರ ಮಾತ್ರ ಮುಟ್ಟಬೇಡಿ. "ಬೇಗ ಮುಗೀಲಿ, ಮನೆಗೆ ಹೋಗ್ಬೇಕು" ಅಂತ ಪೂರ್ತಿ ತಿರುಗಿಸಿದರೆ ಹೃದಯ, ಕಿಡ್ನಿ ಸರಿಯಿಲ್ಲದವರ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಆಕ್ಸಿಜನ್ ಮೀಟರಿನ ತಿರುಪೂ ಅಷ್ಟೇ. ಹಳೆಯ ಬೀಡಿ ಚಟದವರಿಗೆ, ದಮ್ಮು ಇರುವವರಿಗೆ ಆಕ್ಸಿಜನ್ ಜಾಸ್ತಿಯಾದರೂ ಕಷ್ಟ.

ನೀವು ಹೇಳಿದ್ದನ್ನು ಸಿಸ್ಟರ್ ಕೇಳಿಸಿಕೊಳ್ಳದಿದ್ದರೆ "ಒಂದು ಸಲ ಉಸಿರು ಎಣಿಸಿ ನೋಡಿ ಮೇಡಂ" ಅಂತ ಕೇಳಿ. ಆಗಲೂ ಬರದಿದ್ದರೆ ಡ್ಯೂಟಿ ಡಾಕ್ಟರನ್ನು ಕರೆಸಿ ಅನ್ನಿ, ವಾರ್ಡ್ ಇನ್‌ಚಾರ್ಜ್ ಯಾರು ಅಂತ ವಿಚಾರಿಸಿ. ಸಿಸ್ಟರ್ ಮುಖ ಗಂಟಿಕ್ಕಬಹುದು. ಗಂಟಿಕ್ಕಲಿ ಬಿಡಿ.