ಬಾಲ್ಯ ಇಷ್ಟು, ವಿದೇಶ ಇಷ್ಟು ಎಂಬ ಲೆಕ್ಕ

ಕಲಾಪ್ರದರ್ಶನಗಳನ್ನು ಸಂಯೋಜಿಸುವ ನನಗೆ ಯುವ ಕಲಾವಿದರು ಕಳುಹಿಸುವ ಟಿಪ್ಪಣಿಗಳಲ್ಲಿ, ಅದರಲ್ಲೂ ಹೊರದೇಶದಲ್ಲಿ ಓದಿ ಬಂದವರ ಟಿಪ್ಪಣಿಗಳಲ್ಲಿ, ಒಂದು ಮಾತು ತಪ್ಪುವುದೇ ಇಲ್ಲ: ‘ವಸ್ತು ನನ್ನ ಬಾಲ್ಯದ್ದು, ತಂತ್ರ ವಿದೇಶದಲ್ಲಿ ಕಲಿತದ್ದು.’ ಕಂಡ ಕೂಡಲೇ ಅಡ್ಡಗೆರೆ ಎಳೆಯುತ್ತೇನೆ. ಚಿತ್ರವೇನು ಅಣ್ಣತಮ್ಮಂದಿರ ಪಾಲುಪಟ್ಟಿಯೇ?

ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರಿಗೆ ಈ ಲೆಕ್ಕ ಹಾಕಿ ನೋಡಿ. ಹುಟ್ಟಿದ್ದು 1913ರಲ್ಲಿ, ಬುಡಾಪೆಸ್ಟಿನಲ್ಲಿ. ಎಳವೆ ಹಂಗೆರಿಯಲ್ಲಿ, ಆಮೇಲೆ ಶಿಮ್ಲಾ, ಕಲಾಶಿಕ್ಷಣ ಪ್ಯಾರಿಸ್ಸಿನಲ್ಲಿ. ಇದರಲ್ಲಿ ಮನೆ ಯಾವುದು, ಹೊರದೇಶ ಯಾವುದು?

ಬೆಳೆದ ರೀತಿ ಚಿತ್ರದ ವಸ್ತುವಿನಲ್ಲೇ ಕಾಣಬೇಕಾಗಿಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಎಷ್ಟು ದೊಡ್ಡದಾಗಿ ಬರೆಯುತ್ತೀರಿ, ಎಲ್ಲಿ ಖಾಲಿ ಬಿಡುತ್ತೀರಿ, ಯಾವ ಬಣ್ಣ ಅತಿಯಾಯಿತು ಅನ್ನಿಸುತ್ತದೆ, ಕುಳಿತು ಬರೆಯುತ್ತೀರೋ ನಿಂತೋ. ಬಾಲ್ಯ ಅಡಗುವುದು ಇಂಥ ಕಡೆ. ಒಬ್ಬ ಹುಡುಗಿಯ ಟಿಪ್ಪಣಿಯ ತುಂಬ ಅಜ್ಜಿ, ಹಳೆಯ ಮನೆ, ನೆನಪು. ಚಿತ್ರಗಳಲ್ಲಿ ನನ್ನ ಗಮನ ಸೆಳೆದದ್ದು ಬೇರೆಯೇ: ಮೇಲು ಕೆಳಗೆಂಬುದೇ ಇಲ್ಲ, ಯಾವ ಕಡೆಯಿಂದ ನೋಡಿದರೂ ನಿಲ್ಲುತ್ತವೆ. ವಿಚಾರಿಸಿದರೆ, ವಿದೇಶದ ಕಲಾಶಾಲೆಯಲ್ಲಿ ಸಹಪಾಠಿಗಳೆಲ್ಲ ಚಿತ್ರ ನಿಲ್ಲಿಸುವ ಈಸೆಲ್ ಮುಂದೆ ನಿಂತಾಗ ಆಕೆ ಮಾತ್ರ ಕಾಗದವನ್ನು ನೆಲಕ್ಕೆ ಹಾಸಿ, ಸುತ್ತ ಸರಿಯುತ್ತಾ ಬರೆಯುತ್ತಿದ್ದಳಂತೆ. ‘ಚಿಕ್ಕಂದಿನ ಅಭ್ಯಾಸ, ಅದನ್ನೇಕೆ ಬರೆಯಲಿ?’ ಎಂದಳು. ಅವಳ ಮೇಲೆ ಸಿಟ್ಟಾಗುವುದಕ್ಕೂ ಮನಸ್ಸು ಬರಲಿಲ್ಲ. ಆ ಶಾಲೆಯಿಂದ ಬಂದದ್ದೂ ತಂತ್ರವಲ್ಲ; ವಾರವಾರ ಹತ್ತು ಜನರ ಎದುರು ಚಿತ್ರವನ್ನು ಸಮರ್ಥಿಸಿಕೊಳ್ಳಬೇಕಾದ ಕಷ್ಟ. ಆ ಕಷ್ಟದಿಂದಲೇ ಅವಳು ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಲಿತಿದ್ದಳು.

ಎಲ್ಲರ ವಿಷಯದಲ್ಲೂ ಹೀಗೆಯೇ ಎಂದು ನಾನು ಹೇಳಲಾರೆ. ಹೊರಗೆ ಹೋಗದೆಯೇ ಬೆಳೆದವರು ಬೇಕಾದಷ್ಟಿದ್ದಾರೆ. ಹೋಗಿ ಬಂದೂ ಕದಲದವರು ಇನ್ನೂ ಹೆಚ್ಚು.

ಇನ್ನು ಕಾಲದ ಮಾತು. ಚಿತ್ರಕಲಾವಿದ ಎಸ್.ಎಚ್. ರಝಾ ಪ್ಯಾರಿಸ್ಸಿಗೆ ಹೋದದ್ದು 1950ರಲ್ಲಿ. ಮೊದಲು ಬರೆದದ್ದು ಫ್ರಾನ್ಸಿನ ಊರು, ಚರ್ಚು, ಭೂದೃಶ್ಯ. ಬಾಲ್ಯದಲ್ಲಿ ಮೇಷ್ಟರು ಗೋಡೆಯ ಮೇಲೆ ತೋರಿಸಿದ್ದ ಬಿಂದು ಅವರ ಚಿತ್ರಗಳ ಕೇಂದ್ರಕ್ಕೆ ಬಂದು ಕೂರಲು ಎರಡು ದಶಕಗಳಿಗೂ ಹೆಚ್ಚು ಹಿಡಿಯಿತು. ಸೂಡಾನಿನ ಚಿತ್ರಕಲಾವಿದ ಇಬ್ರಾಹಿಂ ಎಲ್-ಸಲಾಹಿ ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಓದಿ 1957ರಲ್ಲಿ ಮರಳಿದಾಗ, ಖಾರ್ಟೂಮಿನ ಜನ ಅವರ ಪ್ರದರ್ಶನಕ್ಕೆ ಬೆನ್ನು ತಿರುಗಿಸಿದರು. ಅದಾದ ಮೇಲೆಯೇ ಅವರು, ತಂದೆ ನಡೆಸುತ್ತಿದ್ದ ಕುರಾನ್ ಶಾಲೆಯಲ್ಲಿ ಕಲಿತಿದ್ದ ಅಕ್ಷರಗಳ ಕಡೆಗೆ ಹೊರಳಿದ್ದು. ಅವನ್ನು ಒಡೆದಾಗ ಒಳಗಿಂದ ಆಕೃತಿಗಳು ಎದ್ದವು.

ನಮ್ಮವರಿಗೋ ವಿಮಾನ ಇಳಿದ ವರ್ಷವೇ ಬೇರು ತೋರಿಸುವ ಆತುರ. ತಪ್ಪು ಅವರದೊಂದೇ ಅಲ್ಲ. ಅನುದಾನದ ಅರ್ಜಿಯಲ್ಲೇ ‘ನಿಮ್ಮ ಸಂಸ್ಕೃತಿಯ ಪ್ರಭಾವವನ್ನು ವಿವರಿಸಿ’ ಎಂದಿದ್ದರೆ ಪಾಪ ಇನ್ನೇನು ಬರೆದಾರು? ಅರ್ಜಿಗೆ ಬೇಕಾದ್ದನ್ನು ಅರ್ಜಿಯಲ್ಲಿ ಬರೆದುಕೊಳ್ಳಿ. ಪ್ರದರ್ಶನದ ಗೋಡೆಗೆ ನನಗೆ ಅಳತೆ, ಮಾಧ್ಯಮ, ವರ್ಷ ಕಳುಹಿಸಿದರೆ ಸಾಕು. ಜೊತೆಗೆ, ಕಾಗದವನ್ನು ಎಲ್ಲಿ ಹಾಸಿಕೊಂಡು ಬರೆದಿರಿ ಎಂದು ಒಂದು ಸಾಲು.